ಒಂದು ಕೊರಳಿನ ಹಿಮ್ಮೇಳ

ವೇದಿಕೆಯ ಮೇಲೆ ಹಾಡುಗಾರ ಒಬ್ಬನೇ ಇದ್ದಾನೆ. ಕೈಯಲ್ಲಿ ಗಿಟಾರ್, ಎದುರಿಗೆ ಮೈಕ್, ಕಾಲ ಬಳಿ ಚಪ್ಪಟೆಯಾದ ಒಂದು ಪೆಟ್ಟಿಗೆ. ಪಲ್ಲವಿ ಬಂದಾಗ ಆತ ಪೆಟ್ಟಿಗೆಯ ಗುಂಡಿಯೊಂದನ್ನು ಕಾಲಿನಿಂದ ಅದುಮುತ್ತಾನೆ. ಅಲ್ಲಿಯವರೆಗೆ ಒಂಟಿಯಾಗಿದ್ದ ದನಿಯ ಜೊತೆಗೆ ಮೇಲೊಂದು, ಕೆಳಗೊಂದು ದನಿ ಸೇರಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಒಂದೇ ಬಾಯಿ. ಕಿವಿಗೆ ಬೀಳುವುದು ಮೂರು ನಾಲ್ಕು ಜನರ ಮೇಳ. ಹಾಡು ಮುಗಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆ ಯಾರಿಗೆ ಸಲ್ಲಬೇಕು? ಇಲ್ಲದ ಜನರನ್ನು ಇದ್ದಂತೆ ಕೇಳಿಸಿದ ಆ ಹಾಡುಗಾರ ಮೋಸ ಮಾಡಿದನೇ, ಇಲ್ಲವೇ?

ಇದು ಸಂಗೀತಗಾರರು ತಮ್ಮತಮ್ಮಲ್ಲೇ ಚರ್ಚಿಸಿಕೊಳ್ಳಬೇಕಾದ ತಾಂತ್ರಿಕ ವಿಷಯವೆಂದು ತಳ್ಳಿಹಾಕಬಹುದು. ಆದರೆ ಹಾಗೆ ತಳ್ಳಿಹಾಕುವಷ್ಟು ಚಿಕ್ಕ ಪ್ರಶ್ನೆ ಇದಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಮುಂದೆ ಬಾಯಿ ತೆರೆದಾಗ ಆ ದನಿ ಅವನದೇ ಎಂಬ ನಂಬಿಕೆಯ ಮೇಲೆ ನಮ್ಮ ಸಾಕ್ಷ್ಯ, ವಾಗ್ದಾನ, ಪ್ರಾರ್ಥನೆಗಳೆಲ್ಲ ನಿಂತಿವೆ. ಈಗ ಯಂತ್ರಗಳು ಯಾರ ದನಿಯನ್ನಾದರೂ ಅನುಕರಿಸಬಲ್ಲವು. ಇಂಥ ಕಾಲದಲ್ಲಿ ದನಿಯ ವಿಷಯದಲ್ಲಿ ಪ್ರಾಮಾಣಿಕತೆ ಎಂದರೆ ಏನು ಎಂದು ಕೇಳಿಕೊಳ್ಳಲು ಈ ಪುಟ್ಟ ಪೆಟ್ಟಿಗೆ ಒಳ್ಳೆಯ ನೆಪ.

ಮೊದಲು ಯಂತ್ರವನ್ನು ಅರಿತುಕೊಳ್ಳೋಣ. ಇದನ್ನು ಹಾರ್ಮನೈಜರ್ ಎನ್ನುತ್ತಾರೆ. ಈವೆಂಟೈಡ್ ಎಂಬ ಅಮೆರಿಕದ ಕಂಪನಿ 1975ರಲ್ಲಿ ಹೊರತಂದ ಎಚ್910 ಎಂಬ ಉಪಕರಣದಿಂದ ಈ ಹೆಸರು ಪ್ರಸಿದ್ಧವಾಯಿತು. ಮೈಕಿನಿಂದ ಬಂದ ದನಿಯ ಶ್ರುತಿಯನ್ನು ಏರಿಸಿ ಇಲ್ಲವೇ ಇಳಿಸಿ, ಮೂಲ ದನಿಯೊಂದಿಗೆ ಬೆರೆಸಿ ಕೊಡುವುದು ಅದರ ಕೆಲಸ. ಕೇಳಲು ಸುಲಭ, ಮಾಡಲು ಕಷ್ಟ. ಹಾಡುಗಾರ 'ಸ' ಹಾಡಿದಾಗ ಜೊತೆಯ ದನಿ 'ಗ' ಹಾಡಬೇಕೆಂದುಕೊಳ್ಳಿ. ಬಿಲಾವಲ್ ಅಥವಾ ಶಂಕರಾಭರಣದ ಸ್ವರಗಳಲ್ಲಿ ಇವೆರಡರ ನಡುವೆ 4 ಅರ್ಧಸ್ವರಗಳ ಅಂತರ. ಆದರೆ ಆತ 'ರಿ'ಗೆ ಹೋದಾಗ ಜೊತೆಯ ದನಿ 'ಮ'ಕ್ಕೆ ಹೋಗಬೇಕು. ಅಲ್ಲಿ ಅಂತರ 3 ಮಾತ್ರ. ಅಂದರೆ ಯಂತ್ರ ಒಂದೇ ಅಳತೆಯಲ್ಲಿ ಎತ್ತರಿಸುತ್ತ ಹೋದರೆ ಅಪಸ್ವರವಾಗುತ್ತದೆ. ಹಾಡು ಯಾವ ಶ್ರುತಿಯಲ್ಲಿದೆ, ಯಾವ ಸ್ವರಗಳನ್ನು ಬಳಸುತ್ತಿದೆ ಎಂಬುದು ಅದಕ್ಕೆ ಗೊತ್ತಿರಬೇಕು. ಹಾಡುಗಾರ ಮೊದಲೇ ಅದನ್ನು ಹೇಳಿಕೊಡುತ್ತಾನೆ, ಇಲ್ಲವೇ ಯಂತ್ರವೇ ಗಿಟಾರಿನ ಕಾರ್ಡುಗಳನ್ನು ಕೇಳಿ ತಿಳಿದುಕೊಳ್ಳುತ್ತದೆ. ದನಿಯ ಶ್ರುತಿಯನ್ನಷ್ಟೇ ಏರಿಸಿದರೂ ಸಾಲದು. ಟೇಪನ್ನು ವೇಗವಾಗಿ ಓಡಿಸಿದಾಗ ಮನುಷ್ಯನ ಮಾತು ಅಳಿಲಿನ ಕೀಚಲಿನಂತೆ ಕೇಳುವುದನ್ನು ನಾವೆಲ್ಲ ಬಲ್ಲೆವು. ಹಾಗಾಗದಂತೆ ಗಂಟಲು ಮತ್ತು ಬಾಯಿಯ ಆಕಾರದಿಂದ ದನಿಗೆ ಬರುವ ಗುಣವನ್ನು ಬೇರೆಯಾಗಿ ಕಾಪಾಡಬೇಕು. ಇಷ್ಟೆಲ್ಲವನ್ನೂ ಇಂದಿನ ಪೆಟ್ಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ.

ಇಂಥ ಯಂತ್ರವನ್ನು ಕಂಡ ಕೂಡಲೇ ಬರುವ ಮೊದಲ ತೀರ್ಪು, ಮನುಷ್ಯನ ದನಿ ಸತ್ಯ, ಯಂತ್ರದ ದನಿ ಸುಳ್ಳು ಎಂಬುದು. ಈ ತೀರ್ಪು ಎಷ್ಟು ದುರ್ಬಲ ಎಂಬುದಕ್ಕೆ ಸಂಗೀತದ ಇತಿಹಾಸದಲ್ಲೇ ಒಂದು ತಮಾಷೆಯ ಪ್ರಸಂಗವಿದೆ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮತ್ತು ಅವರ ಪತ್ನಿ ಗಾಯಕಿ ಮೇರಿ ಫೋರ್ಡ್ 1951ರಲ್ಲಿ 'ಹೌ ಹೈ ದ ಮೂನ್' ಎಂಬ ಹಾಡನ್ನು ಧ್ವನಿಮುದ್ರಿಸಿದರು. ಮೇರಿಯ ದನಿಯ ಮೇಲೆ ಮೇರಿಯದೇ ದನಿಯನ್ನು ಪದರು ಪದರಾಗಿ ಸೇರಿಸಿ ಮಾಡಿದ ಹಾಡು ಅದು. ಜನ ಬೆರಗಾದರು. ಆದರೆ ವೇದಿಕೆಯ ಮೇಲೆ ಅದನ್ನು ತೋರಿಸುವುದು ಹೇಗೆ? ಆಗಿನ್ನೂ ಹಾರ್ಮನೈಜರ್ ಇರಲಿಲ್ಲ. ಲೆಸ್ ಪಾಲ್ ಅವರೇ ಮುಂದೆ ಹೇಳಿಕೊಂಡಂತೆ, ಅವರು ಮೇರಿಯ ಸೋದರಿಯನ್ನು ಸಭೆಗೆ ಕಾಣದಂತೆ ಮರೆಯಲ್ಲಿ ನಿಲ್ಲಿಸಿ, ಕೈಗೊಂದು ಮೈಕ್ ಕೊಟ್ಟು ಹಾಡಿಸುತ್ತಿದ್ದರು. ಇದು ಯಾವುದೋ ಅದ್ಭುತ ಯಂತ್ರದ ಕೈಚಳಕವೆಂದು ಜನ ತಿಳಿದುಕೊಂಡಿದ್ದರು. ಅಲ್ಲಿ ಹಾಡಿದ್ದು ನಿಜವಾದ ಹೆಣ್ಣುಮಗಳು, ನಿಜವಾದ ಕೊರಳು, ಅದೇ ಕ್ಷಣದ ಹಾಡು. ಆದರೂ ಸಭೆಗೆ ತಪ್ಪು ತಿಳಿವಳಿಕೆಯೇ ಉಳಿಯಿತು. ಯಂತ್ರವಿಲ್ಲದಿದ್ದರೂ ಮರೆಮಾಚುವಿಕೆ ಇತ್ತು.

ಇದನ್ನು ನಗುತ್ತ ಮರೆತುಬಿಡಬಹುದು, ಏಕೆಂದರೆ ಅಲ್ಲಿ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಎಲ್ಲ ಮರೆಮಾಚುವಿಕೆಯೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. ಮಿಲಿ ವನಿಲಿ ಎಂಬ ಜೋಡಿಗೆ 1990ರ ಫೆಬ್ರವರಿಯಲ್ಲಿ ಅತ್ಯುತ್ತಮ ಹೊಸ ಕಲಾವಿದರೆಂದು ಗ್ರ್ಯಾಮಿ ಪ್ರಶಸ್ತಿ ಬಂತು. ಅವರ ಧ್ವನಿಮುದ್ರಿಕೆಗಳಲ್ಲಿ ಹಾಡಿದವರು ಬೇರೆಯವರೆಂದು ಅದೇ ವರ್ಷದ ನವೆಂಬರಿನಲ್ಲಿ ನಿರ್ಮಾಪಕರೇ ಒಪ್ಪಿಕೊಂಡರು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಲಾಯಿತು. ಅಲ್ಲಿ ನಿಜವಾಗಿ ಹಾಡಿದವರಿಗೆ ಮುಖ ಸಿಗಲಿಲ್ಲ, ಕುಣಿದವರಿಗೆ ಮಾನ ಉಳಿಯಲಿಲ್ಲ. 2008ರ ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನಡೆದುದು ಇನ್ನೂ ನೋವಿನ ಸಂಗತಿ. ಕೆಂಪು ಲಂಗದ 9 ವರ್ಷದ ಹುಡುಗಿ ಹಾಡುವುದನ್ನು ಜಗತ್ತೇ ನೋಡಿತು. ಆದರೆ ಕೇಳಿಸಿದ್ದು 7 ವರ್ಷದ ಇನ್ನೊಬ್ಬ ಹುಡುಗಿಯ ದನಿ. ದೇಶದ ಮುಖವಾಗಲು ಅವಳ ರೂಪ ಸಾಲದೆಂದು ತೀರ್ಮಾನಿಸಲಾಗಿತ್ತು. ಸಮಾರಂಭದ ಸಂಗೀತ ನಿರ್ದೇಶಕರೇ ಕೆಲವು ದಿನಗಳ ನಂತರ ಇದನ್ನು ಬಹಿರಂಗಪಡಿಸಿದರು. ಒಂದು ಮಗುವಿನ ಕೊರಳು ಬೇಕು, ಅದರ ಮುಖ ಬೇಡ ಎಂಬುದಕ್ಕಿಂತ ದೊಡ್ಡ ಅನ್ಯಾಯವನ್ನು ಯಾವ ಹಾರ್ಮನೈಜರೂ ಮಾಡಲಾರದು.

ಹಾಗಾದರೆ ಒಬ್ಬರ ದನಿಗೆ ಇನ್ನೊಬ್ಬರು ತುಟಿ ಆಡಿಸುವುದೆಲ್ಲ ತಪ್ಪೇ? ನಮ್ಮ ಸಿನಿಮಾಗಳು ಬೇರೆಯೇ ಉತ್ತರ ಕೊಡುತ್ತವೆ. ರಾಜ್‌ಕುಮಾರ್ ತೆರೆಯ ಮೇಲೆ ಹಾಡುವಾಗ ಎಷ್ಟೋ ಚಿತ್ರಗಳಲ್ಲಿ ಕೇಳಿಸುತ್ತಿದ್ದುದು ಪಿ.ಬಿ. ಶ್ರೀನಿವಾಸ್ ಅವರ ದನಿ. ಯಾರೂ ಮೋಸ ಹೋಗಲಿಲ್ಲ. ಹಿನ್ನೆಲೆ ಗಾಯಕರ ಹೆಸರು ತೆರೆಯ ಮೇಲೆ ಬರುತ್ತಿತ್ತು, ರೇಡಿಯೋದಲ್ಲಿ ಹೇಳುತ್ತಿದ್ದರು, ಹಳ್ಳಿಯ ಹೋಟೆಲಿನಲ್ಲಿ ಕುಳಿತವರಿಗೂ ಗೊತ್ತಿತ್ತು. ಹಾಡುವವರು ಮತ್ತು ಕೇಳುವವರ ನಡುವೆ ಒಂದು ಒಪ್ಪಂದವಿತ್ತು. ಮಿಲಿ ವನಿಲಿಯವರು ಮುರಿದದ್ದು ಇಂಥ ಒಪ್ಪಂದವನ್ನೇ. ಎರಡೂ ಕಡೆ ನಡೆದದ್ದು ಒಂದೇ ಬಗೆಯ ಕೆಲಸ, ಆದರೆ ನೈತಿಕವಾಗಿ ಅವು ಬೇರೆ ಬೇರೆ. ಆದ್ದರಿಂದ ದನಿ ಎಲ್ಲಿಂದ ಬಂತು ಎಂಬುದಕ್ಕಿಂತ ಕೇಳುಗನಿಗೆ ಏನನ್ನು ನಂಬಿಸಲಾಯಿತು ಎಂಬುದರ ಮೇಲೆ ಮೋಸ ತೀರ್ಮಾನವಾಗುತ್ತದೆ.

ಈ ಒಪ್ಪಂದವನ್ನು ಗೌರವಿಸಿದವರಲ್ಲಿ ಕ್ವೀನ್ ಎಂಬ ಬ್ರಿಟಿಷ್ ತಂಡವನ್ನು ನೆನೆಯಬೇಕು. 1975ರ ಅವರ 'ಬೊಹೀಮಿಯನ್ ರ‍್ಯಾಪ್ಸೊಡಿ' ಹಾಡಿನ ನಡುಭಾಗದಲ್ಲಿ ಹತ್ತಾರು ದನಿಗಳ ಪದರುಗಳಿವೆ. ನಾಲ್ವರು ಸೇರಿ ವೇದಿಕೆಯಲ್ಲಿ ಅದನ್ನು ಹಾಡಲು ಸಾಧ್ಯವೇ ಇರಲಿಲ್ಲ. ಕಛೇರಿಗಳಲ್ಲಿ ಆ ಭಾಗ ಬಂದಾಗ ಅವರು ವೇದಿಕೆಯಿಂದ ಇಳಿದು ಹೋಗುತ್ತಿದ್ದರು. ಟೇಪು ಓಡುತ್ತಿತ್ತು, ದೀಪಗಳು ಮಿನುಗುತ್ತಿದ್ದವು. ಮುಂದಿನ ಭಾಗಕ್ಕೆ ಮತ್ತೆ ಬಂದು ನುಡಿಸುತ್ತಿದ್ದರು. ಮೈಕಿನ ಮುಂದೆ ನಿಂತು ಬಾಯಾಡಿಸುವುದು ಅವರಿಗೆ ಕಷ್ಟದ ಕೆಲಸವಾಗಿರಲಿಲ್ಲ, ಆದರೂ ಹಾಗೆ ಮಾಡಲಿಲ್ಲ.

ಇನ್ನು ನಮ್ಮ ಒಂಟಿ ಹಾಡುಗಾರನ ವಿಷಯ. ಇಂಗ್ಲೆಂಡಿನ ಇಮೊಜೆನ್ ಹೀಪ್ ಅವರ 'ಹೈಡ್ ಅಂಡ್ ಸೀಕ್' 2005ರ ಹಾಡು. ಅದರಲ್ಲಿ ಬೇರೆ ವಾದ್ಯವೇ ಕೇಳಿಸುವುದಿಲ್ಲ ಎನ್ನಬೇಕು. ಆಕೆ ಮೈಕಿನಲ್ಲಿ ಹಾಡುತ್ತ ಕೀಬೋರ್ಡಿನ ಮನೆಗಳನ್ನು ಒತ್ತುತ್ತಾರೆ. ಒತ್ತಿದ ಸ್ವರಗಳಲ್ಲೆಲ್ಲ ಆಕೆಯ ದನಿಯನ್ನು ಹಾರ್ಮನೈಜರ್ ಹರಡುತ್ತದೆ. ಕೇಳುವವರಿಗೆ ಇದು ಯಂತ್ರದ ಮೇಳವೆಂದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಆಕೆ ಅದನ್ನು ಮನುಷ್ಯರ ಮೇಳವೆಂದು ತೋರಿಸಲು ಹೊರಟವರೇ ಅಲ್ಲ. ಆ ವಿಚಿತ್ರವಾದ, ಅರ್ಧ ಮನುಷ್ಯ ಅರ್ಧ ಲೋಹದಂಥ ದನಿಯೇ ಹಾಡಿನ ದುಃಖವನ್ನು ಹೊತ್ತಿದೆ. ಇಂಥಲ್ಲಿ ಮೋಸದ ಮಾತು ಎತ್ತುವುದು ವೀಣೆಯ ಬುರುಡೆ ದನಿಯನ್ನು ಹಿಗ್ಗಿಸುತ್ತದೆ ಎಂದು ದೂರಿದಂತೆ. ಒಂದು ಬಾಯಿ ಕಾಣುತ್ತದೆ, ನಾಲ್ಕು ದನಿ ಕೇಳುತ್ತದೆ. ಮೂರು ದನಿ ಪೆಟ್ಟಿಗೆಯಿಂದ ಬಂದಿವೆ ಎಂದು ಮಗುವಿಗೂ ತಿಳಿಯುತ್ತದೆ. ಈ ಅರ್ಥದಲ್ಲಿ ಹಾರ್ಮನೈಜರ್ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುವ ಯಂತ್ರ.

ಆದರೆ ಅದೇ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇನ್ನೊಂದು ಗುಂಡಿಯೂ ಇರುತ್ತದೆ. ಅದು ಹಾಡುಗಾರನ ತಪ್ಪಿದ ಸ್ವರವನ್ನು ಸದ್ದಿಲ್ಲದೆ ಸರಿಪಡಿಸುವ ಗುಂಡಿ. ತೈಲ ಶೋಧನೆಗಾಗಿ ಭೂಗರ್ಭದ ತರಂಗಗಳನ್ನು ವಿಶ್ಲೇಷಿಸುತ್ತಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಅದೇ ಗಣಿತವನ್ನು ದನಿಗೆ ಹೊಂದಿಸಿ 1997ರಲ್ಲಿ ಆಟೋ-ಟ್ಯೂನ್ ತಂದರು. ಮರುವರ್ಷ ಗಾಯಕಿ ಶೇರ್ ತಮ್ಮ 'ಬಿಲೀವ್' ಹಾಡಿನಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ, ಅತಿಯಾಗಿ ಬಳಸಿದರು. ಅದು ಬಣ್ಣ ಹಚ್ಚಿಕೊಂಡ ಮುಖ. ಬಣ್ಣವೆಂದು ಎಲ್ಲರಿಗೂ ಗೊತ್ತು. ಆದರೆ ಯಾರಿಗೂ ತಿಳಿಯದಷ್ಟು ಮೆಲ್ಲಗೆ ಬಳಸಿದಾಗ ಪ್ರಶ್ನೆ ಬೇರೆಯಾಗುತ್ತದೆ. ಈ ಗುಂಡಿ ಚೆನ್ನಾಗಿ ಕೆಲಸ ಮಾಡಿದೆ ಎಂದರೆ ಅದು ಇದೆಯೆಂಬುದೇ ಗೊತ್ತಾಗಲಿಲ್ಲ ಎಂದರ್ಥ. ನನ್ನ ಕೊರಳು ಸ್ವರ ತಪ್ಪುವುದಿಲ್ಲ ಎಂದು ಸಭೆ ನಂಬುತ್ತದೆ, ಆ ನಂಬಿಕೆಗೆ ಆಧಾರವಿಲ್ಲ. ಇದರಿಂದ ನಷ್ಟ ಯಾರಿಗೆ? ಹತ್ತು ವರ್ಷ ಸಾಧನೆ ಮಾಡಿ, ಯಾವ ಗುಂಡಿಯನ್ನೂ ಒತ್ತದೆ ಹಾಡಿ, ಒಂದೆರಡು ಕಡೆ ತಪ್ಪಿ, ಮುಂದಿನ ಕಾರ್ಯಕ್ರಮ ಕಳೆದುಕೊಂಡವನಿಗೆ. ಹಾಗೆಯೇ ತಪ್ಪೇ ಇಲ್ಲದ ಹಾಡನ್ನು ಕೇಳಿ ಕೇಳಿ ತನ್ನ ಕೊರಳು ಯಾವುದಕ್ಕೂ ಬಾರದೆಂದು ಹಾಡುವುದನ್ನೇ ಬಿಡುವ ಹುಡುಗಿಗೆ.

ವಿಚಿತ್ರವೆಂದರೆ ಜನ ಸಿಟ್ಟಾಗುವುದು ಹೆಚ್ಚಾಗಿ ಮೊದಲ ಗುಂಡಿಯ ಮೇಲೆ. ಒಬ್ಬನೇ ನಾಲ್ವರಂತೆ ಹಾಡಿದ, ಇದೆಂಥ ಸಂಗೀತ ಎನ್ನುತ್ತಾರೆ. ಎದ್ದು ಕಾಣುವ ಕೃತಕತೆ ನಮ್ಮನ್ನು ಕೆರಳಿಸುತ್ತದೆ, ಕಾಣದ ಕೃತಕತೆಯನ್ನು ನಾವು ಮೆಚ್ಚಿ ಮನೆಗೆ ಹೋಗುತ್ತೇವೆ.

ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ನಮ್ಮ ಹತ್ತಿರದಲ್ಲೇ ಇದೆ. ವಾದ್ಯಗಳನ್ನು ಬಳಸದೆ ಕೇವಲ ಕೊರಳಿನಿಂದ ಹಾಡುವ ನಶೀದ್‌ಗಳಿಗೆ ದೊಡ್ಡ ಶ್ರೋತೃವರ್ಗವಿದೆ. ಧಾರ್ಮಿಕ ಕಾರಣಕ್ಕೆ ವಾದ್ಯ ಬೇಡವೆನ್ನುವವರಿಗಾಗಿ ಕೆಲವು ಜನಪ್ರಿಯ ಗಾಯಕರು ಒಂದೇ ಆಲ್ಬಮನ್ನು ವಾದ್ಯಸಹಿತವಾಗಿಯೂ ಕಂಠಮಾತ್ರವಾಗಿಯೂ ಹೊರತರುವುದುಂಟು. ಇಂಥ ಧ್ವನಿಮುದ್ರಣಗಳಲ್ಲಿ ಕೆಲವೊಮ್ಮೆ ಮನುಷ್ಯನ ದನಿಯನ್ನೇ ಹಿಗ್ಗಿಸಿ, ಪದರು ಕಟ್ಟಿ ಪಿಟೀಲು ವೃಂದದಂತೆಯೋ ಡೋಲಿನಂತೆಯೋ ಕೇಳಿಸುತ್ತಾರೆ. ಇದು ದನಿಯೋ, ವಾದ್ಯವೋ? ಅದರ ಧಾರ್ಮಿಕ ತೀರ್ಮಾನವನ್ನು ಬಲ್ಲವರಿಗೆ ಬಿಡೋಣ. ನೈತಿಕವಾಗಿ ಒಂದು ಮಾತನ್ನಂತೂ ಹೇಳಬಹುದು. ನಿಯಮದ ಅಕ್ಷರವನ್ನು ಪಾಲಿಸಿದೆ ಎಂಬ ಸಮಾಧಾನ ಬೇರೆ, ನಿಯಮ ಏನನ್ನು ಕಾಪಾಡಲು ಹೊರಟಿತ್ತು ಎಂದು ಕೇಳಿಕೊಳ್ಳುವುದು ಬೇರೆ. ಅಲಂಕಾರವಿಲ್ಲದ ಕೊರಳಿನ ಸರಳತೆಯೇ ಗುರಿಯಾಗಿದ್ದರೆ, ನೂರು ಪದರುಗಳ ಕೊರಳು ಆ ಗುರಿಯಿಂದ ದೂರವೇ.

ಇಲ್ಲಿಯವರೆಗೆ ನಾವು ಸತ್ಯ, ಸುಳ್ಳುಗಳ ಮಾತಾಡಿದೆವು. ಹಾಡುಗಾರ ಪ್ರಾಮಾಣಿಕನಾಗಿದ್ದಾನೆ, ಪೆಟ್ಟಿಗೆಯನ್ನು ಎಲ್ಲರಿಗೂ ತೋರಿಸಿದ್ದಾನೆ ಎಂದೇ ಇಟ್ಟುಕೊಳ್ಳೋಣ. ಆಗ ಎಲ್ಲವೂ ಸರಿಯಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಮೋಸವಿಲ್ಲದ ಕಡೆಯೂ ಒಂದು ಕೊರತೆ ಉಳಿಯುತ್ತದೆ.

ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಕಾಸ್ಟೆಲ್‌ಸಾರ್ಡೊ ಎಂಬ ಊರಿದೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಅಲ್ಲಿನ ಕ್ರೈಸ್ತ ಸಹೋದರ ಸಂಘದ ನಾಲ್ವರು ಗಂಡಸರು ಒಬ್ಬರಿಗೊಬ್ಬರು ಒತ್ತಿ ನಿಂತು, ವಾದ್ಯವಿಲ್ಲದೆ ಹಾಡುತ್ತಾರೆ. ನಾಲ್ಕು ದನಿ, ನಾಲ್ಕು ಸ್ವರ. ಅವು ಸರಿಯಾಗಿ ಕೂಡಿದಾಗ ಅವುಗಳ ಮೇಲೆ ಐದನೆಯ ದನಿಯೊಂದು ಕೇಳಿಸುತ್ತದೆ. ಎತ್ತರದ, ಹೆಣ್ಣಿನ ದನಿಯಂಥದ್ದು. ಅಲ್ಲಿ ಐದನೆಯವರು ಯಾರೂ ಇಲ್ಲ. ನಾಲ್ಕೂ ದನಿಗಳ ಉಪಸ್ವರಗಳು ಒಂದೇ ಕಡೆ ಬಂದು ಬೆಸೆದಾಗ ಹುಟ್ಟುವ ದನಿ ಅದು. ಊರಿನವರು ಅದನ್ನು ಕ್ವಿಂತಿನಾ ಎನ್ನುತ್ತಾರೆ, ಮಾತೆ ಮೇರಿಯ ದನಿಯೆಂದು ಭಾವಿಸುತ್ತಾರೆ. ಫ್ರಾನ್ಸಿನ ಸಂಗೀತ ವಿದ್ವಾಂಸ ಬರ್ನಾರ್ ಲೊರ್ತಾ-ಜಾಕೋಬ್ ಇದನ್ನು ದೀರ್ಘವಾಗಿ ಅಧ್ಯಯನ ಮಾಡಿದ್ದಾರೆ. ಒಬ್ಬನ ಶ್ರುತಿ ಕೊಂಚ ಸರಿದರೂ, ಸ್ವರಾಕ್ಷರದ ಉಚ್ಚಾರ ಕೊಂಚ ಬೇರೆಯಾದರೂ ಆ ದನಿ ಮಾಯವಾಗುತ್ತದೆ. ತನ್ನ ದನಿಯನ್ನು ಮೆರೆಸಲು ಹೊರಟವನಿಗೆ ಅದು ದಕ್ಕುವುದಿಲ್ಲ. ನಾಲ್ವರೂ ಪಕ್ಕದವನನ್ನು ಕೇಳಿಸಿಕೊಳ್ಳುತ್ತ ತನ್ನನ್ನು ತಿದ್ದಿಕೊಂಡಾಗ ಮಾತ್ರ ಅದು ಬರುತ್ತದೆ.

ಸ್ವರಮೇಳದ ನಿಜವಾದ ಬೆಲೆ ಇಲ್ಲಿದೆ. ಅದು ಮೂಲತಃ ಮನುಷ್ಯರ ನಡುವಿನ ಒಂದು ಸಂಬಂಧ, ಕಿವಿಗೆ ಹಿತವೆನಿಸುವುದು ಆ ಸಂಬಂಧದ ಫಲ. ಪಕ್ಕದವನು ಉಸಿರು ತೆಗೆದುಕೊಳ್ಳುವಾಗ ನಾನು ಕಾಯಬೇಕು. ಅವನು ಕೊಂಚ ಎಳೆದರೆ ನಾನೂ ಎಳೆಯಬೇಕು, ಇಲ್ಲವೇ ಅವನನ್ನು ನನ್ನ ಕಡೆಗೆ ತರಬೇಕು. ನಾನು ತಪ್ಪಿದರೆ ಅವನು ಗಟ್ಟಿಯಾಗಿ ನಿಂತು ನನಗೆ ದಾರಿ ತೋರುತ್ತಾನೆ. ಯಂತ್ರದ ದನಿ ಇದ್ಯಾವುದನ್ನೂ ಮಾಡುವುದಿಲ್ಲ. ಅದು ನಾನು ಬಾಯಿ ತೆರೆದಾಗ ತೆರೆಯುತ್ತದೆ, ಮುಚ್ಚಿದಾಗ ಮುಚ್ಚುತ್ತದೆ. ನಾನು ಸ್ವರ ತಪ್ಪಿದರೆ ಆ ಮೂರೂ ದನಿಗಳು ನನ್ನ ಜೊತೆಗೇ ತಪ್ಪುತ್ತವೆ, ಇಲ್ಲವೇ ನನ್ನನ್ನು ಬಿಟ್ಟು ಇನ್ನೆಲ್ಲಿಗೋ ನೆಗೆಯುತ್ತವೆ. ನನ್ನನ್ನು ತಡೆಯುವವರು, ಅಲ್ಲ ಎನ್ನುವವರು ಅಲ್ಲಿ ಯಾರೂ ಇಲ್ಲ. ಅಧಿಕಾರದಲ್ಲಿರುವವರ ಸುತ್ತ ಹೂಂಗುಟ್ಟುವ ಜನ ಸೇರಿಕೊಂಡಾಗ ಏನಾಗುತ್ತದೆಂದು ನಾವು ಬಲ್ಲೆವು. ಹಾಡುಗಾರನಿಗೂ ಆ ಅಪಾಯ ಇಲ್ಲದಿಲ್ಲ.

ಭಾರತೀಯ ಸಂಗೀತ ಸ್ವರಮೇಳದ ಸಂಗೀತವಲ್ಲ, ರಾಗದ ಸಂಗೀತ. ನಮಗೇಕೆ ಈ ಚಿಂತೆ ಎನ್ನಬಹುದು. ಆದರೆ ಹಿಮ್ಮೇಳ ನಮಗೆ ಹೊಸತಲ್ಲ. ಯಕ್ಷಗಾನದ ಭಾಗವತರಿಗೆ ಚೆಂಡೆ ಮದ್ದಳೆಗಳ ಹಿಮ್ಮೇಳವುಂಟು. ಕವ್ವಾಲಿಯಲ್ಲಿ ಮುಖ್ಯ ಗಾಯಕನ ಜೊತೆ ಹಾಡಿ ಚಪ್ಪಾಳೆ ತಟ್ಟುವವರನ್ನು ಹಮ್‌ನವಾ ಎನ್ನುತ್ತಾರೆ. ದನಿಗೆ ದನಿಗೂಡಿಸುವವನು ಎಂಬುದು ಆ ಮಾತಿನ ಅರ್ಥ. ಉರ್ದುವಿನಲ್ಲಿ ಅದಕ್ಕೆ ಆಪ್ತ, ಸಮಾನಮನಸ್ಕ ಎಂಬ ಅರ್ಥವೂ ಇದೆ. ಖ್ಯಾಲ್ ಗಾಯಕರ ಹಿಂದೆ ತಂಬೂರಿ ಹಿಡಿದು ಕೂರುವ ಶಿಷ್ಯರು ಗುರುಗಳು ದಣಿದಾಗ ಸ್ವರ ಹಿಡಿದು ನಿಲ್ಲುತ್ತಾರೆ. ಆ ಹಿಂದಿನ ಸಾಲೇ ಅವರ ಪಾಠಶಾಲೆ.

1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಯಾರಿಸತೊಡಗಿತು. ಮುಂದೆ ಎಲೆಕ್ಟ್ರಾನಿಕ್ ತಂಬೂರಿಯೂ ಬಂತು. ಅದರಿಂದ ಆದ ಉಪಕಾರವನ್ನು ಮರೆಯಬಾರದು. ತಂಬೂರಿ ಕೊಳ್ಳಲಾಗದವರು, ಅದನ್ನು ಶ್ರುತಿ ಮಾಡಲು ಬಾರದವರು, ಜೊತೆಗೆ ಕೂರಲು ಯಾರೂ ಇಲ್ಲದ ಹೆಣ್ಣುಮಕ್ಕಳು ಮನೆಯ ಮೂಲೆಯಲ್ಲೇ ಕುಳಿತು ಅಭ್ಯಾಸ ಮಾಡುವಂತಾಯಿತು. ಅದೇ ಪೆಟ್ಟಿಗೆ ಕಛೇರಿಯ ವೇದಿಕೆಗೂ ಬಂದಾಗ ಎಷ್ಟೋ ಕಡೆ ಹಿಂದಿನ ಸಾಲಿನ ಶಿಷ್ಯನ ಜಾಗ ಖಾಲಿಯಾಯಿತು. ಯಂತ್ರ ಅದೇ, ಒಂದು ಕಡೆ ಬಾಗಿಲು ತೆರೆಯಿತು, ಇನ್ನೊಂದು ಕಡೆ ಮುಚ್ಚಿತು. ಹಾರ್ಮನೈಜರನ್ನೂ ಹೀಗೆಯೇ ಅಳೆಯಬೇಕು: ಹಾಡಲಾರದವನಿಗೆ ಅದು ಹಾಡಲು ಅನುವು ಮಾಡಿಕೊಟ್ಟಿತೇ, ಹಾಡುತ್ತಿದ್ದವನನ್ನು ವೇದಿಕೆಯಿಂದ ಇಳಿಸಿತೇ?

ಇಳಿಸಿದ್ದರೆ ದೂರನ್ನೆಲ್ಲ ಹಾಡುಗಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಹೋಟೆಲಿನಲ್ಲೋ ಮದುವೆ ಮಂಟಪದಲ್ಲೋ ಸಂಜೆಯಿಂದ ರಾತ್ರಿಯವರೆಗೆ ಹಾಡುವವನಿಗೆ ಕೊಡುವುದು ಒಬ್ಬನ ಸಂಬಳ, ಕೇಳುವುದು ತಂಡದ ಸದ್ದು. ಆತ ಏನು ಮಾಡಬೇಕು? ಒಮ್ಮೆ ದುಡ್ಡು ಕೊಟ್ಟು ಪೆಟ್ಟಿಗೆ ಕೊಂಡರೆ ಅದಕ್ಕೆ ಊಟ ಬೇಡ, ಬಸ್ ಚಾರ್ಜು ಬೇಡ. ನಮ್ಮ ಊರುಗಳ ಆರ್ಕೆಸ್ಟ್ರಾಗಳಲ್ಲಿ ಕೋರಸ್ ಹಾಡುತ್ತಿದ್ದವರ ಜಾಗಕ್ಕೆ ಮೊದಲು ಕೀಬೋರ್ಡು ಬಂತು, ಆಮೇಲೆ ಟ್ರ್ಯಾಕ್ ಬಂತು. ನಾಲ್ವರ ಕೆಲಸವನ್ನು ಒಬ್ಬನಿಂದ ಮಾಡಿಸಿ ಅದನ್ನು ಪ್ರತಿಭೆಯೆಂದು ಹೊಗಳುವುದು ಈಗ ಕಚೇರಿ, ಕಾರ್ಖಾನೆ, ಪತ್ರಿಕೆಗಳಲ್ಲೂ ನಡೆಯುತ್ತಿದೆ. ಕಾರ್ಯಕ್ರಮ ಏರ್ಪಡಿಸುವವರೂ ಅಗ್ಗದ ಟಿಕೆಟ್ಟು ಬಯಸುವ ನಾವೂ ಇದರಲ್ಲಿ ಪಾಲುದಾರರು.

ಕೊನೆಗೆ ಒಬ್ಬ ಯುವಕನ ದಾರಿಯನ್ನು ನೋಡೋಣ. 1994ರಲ್ಲಿ ಹುಟ್ಟಿದ ಲಂಡನ್ನಿನ ಜೇಕಬ್ ಕೋಲಿಯರ್ ತಮ್ಮ ಮನೆಯ ಕೋಣೆಯಲ್ಲಿ ಎಲ್ಲ ದನಿಗಳನ್ನೂ ತಾವೇ ಹಾಡಿ, ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಪ್ರಸಿದ್ಧರಾದವರು. ಅದನ್ನು ವೇದಿಕೆಗೆ ತರಲು ಅಮೆರಿಕದ ಎಂ.ಐ.ಟಿ.ಯ ಬೆನ್ ಬ್ಲೂಮ್‌ಬರ್ಗ್ ಅವರಿಗೊಂದು ವಿಶೇಷ ಹಾರ್ಮನೈಜರ್ ಕಟ್ಟಿಕೊಟ್ಟರು. ಒಬ್ಬನೇ ಇಡೀ ಮೇಳವಾಗಿ ಹಾಡುವ ಕಲೆಯನ್ನು ಅವರಷ್ಟು ದೂರ ಒಯ್ದವರು ವಿರಳ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ನಂತರದ ಕಛೇರಿಗಳಲ್ಲಿ ಸಭಿಕರನ್ನು ಮೂರು ಭಾಗ ಮಾಡಿ, ಬರಿಯ ಕೈಸನ್ನೆಯಿಂದ ಏರಿಸಿ ಇಳಿಸಿ ಅವರಿಂದಲೇ ಸ್ವರಮೇಳ ಹಾಡಿಸತೊಡಗಿದರು. ಸಂಗೀತ ಕಲಿಯದ ಸಾವಿರಾರು ಜನ ಒಮ್ಮೆಲೇ ಸರಿಯಾದ ಸ್ವರದಲ್ಲಿ ನಿಲ್ಲುತ್ತಾರೆ. 2024ರಲ್ಲಿ ಬಂದ ಅವರ 'ಜೆಸ್ಸಿ' ಸರಣಿಯ ನಾಲ್ಕನೆಯ ಆಲ್ಬಮಿನಲ್ಲಿ ಹಲವು ದೇಶಗಳ ಸಭಿಕರ ಆ ದನಿಗಳೇ ಸೇರಿವೆ. ಪೆಟ್ಟಿಗೆಯನ್ನು ಅವರು ಎಸೆದಿಲ್ಲ, ಆದರೆ ಅದರ ಆಚೆಗೆ ನಡೆದಿದ್ದಾರೆ.

ಒಂಟಿಯಾಗಿ ಹಾಡಬೇಕಾದವರು ಯಂತ್ರವನ್ನು ಬಳಸಲಿ. ಬಳಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ನಾನು ಮಾಡುತ್ತಿರುವುದು ಸಭೆಗೆ ಪೂರ್ತಿ ತಿಳಿದರೆ ನನಗೆ ನಾಚಿಕೆಯಾಗುತ್ತದೆಯೇ? ನನ್ನ ಹಾಡಿನಲ್ಲಿ ಬೇರೆ ಯಾರದಾದರೂ ದುಡಿಮೆ ಹೆಸರಿಲ್ಲದೆ ಅಡಗಿದೆಯೇ? ನನ್ನ ತಪ್ಪನ್ನು ತಪ್ಪೆಂದು ಹೇಳಬಲ್ಲ ಮನುಷ್ಯರ ಜೊತೆ ನಾನು ಕೊನೆಯ ಬಾರಿ ಹಾಡಿದ್ದು ಯಾವಾಗ? ಮೊದಲೆರಡಕ್ಕೆ ಹಾಡುಗಾರ ಮನಸ್ಸು ಮಾಡಿದರೆ ಇಂದೇ ಉತ್ತರ ಕೊಡಬಹುದು. ಮೂರನೆಯದಕ್ಕೆ ಆತ ಪೆಟ್ಟಿಗೆಯ ಗುಂಡಿ ಆರಿಸಿ, ಇನ್ನೊಬ್ಬರ ಮನೆಯ ಬಾಗಿಲು ತಟ್ಟಬೇಕಾಗುತ್ತದೆ.